ಐದನೆಯ ದಿನದ ಹನಿ

ಸುಂಬರ್‌ಗಯಂ
ಶುಕ್ರವಾರ, ಪೊನ್
23 ಆಗಸ್ಟ್ 1991

ವಾಗಿಯೆಂ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಕೂಡಲೇ ಒಲೆಗೆ ಹಾಕಬೇಡ. ಮೊದಲು ಓದು, ಆಮೇಲೆ ಬೇಕಾದರೆ ಅದರಲ್ಲೇ ನೀರು ಕಾಯಿಸಿಕೋ. ಚಿಕ್ಕಂದಿನಿಂದ ಗೆಳತಿಯರಾದರೂ ಎರಡು ವರ್ಷದಿಂದ ನಮಗೆ ಮಾತಿಲ್ಲ. ಈಗಲೂ ನಾನು ಮಾತಾಡುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೆ. ನಮ್ಮ ಐದು ದಿನದ ಸಂತೆಯ ಸುತ್ತಿನಲ್ಲಿ ಪೊನ್ ಸಂತೆಯ ದಿನ ಹುಟ್ಟಿ ನಾನು ಪೊನಿರಾ ಆದೆ, ಮರುದಿನ ವಾಗೆ ಸಂತೆಗೆ ಹುಟ್ಟಿ ನೀನು ವಾಗಿಯೆಂ ಆದೆ. ಒಂದು ದಿನಕ್ಕಾದರೂ ದೊಡ್ಡವಳು ನಾನೇ. ದೊಡ್ಡವಳು ಮೊದಲು ಕಾಗದ ಹಾಕಿದರೆ ಮರ್ಯಾದೆಯೇನೂ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನ್ನ ಕೋಳಿಮರಿಗಳು ಮತ್ತೆ ಸತ್ತವು. ನೀನು ಊರು ಬಿಟ್ಟ ಮೇಲೆ ಇದು ಮೂರನೆಯ ಸಲ. ಅದೇ ಹಾಳು ತೆತೆಲೊ ಬೇನೆ. ತಿಂಗಳ ಮರಿಗಳು ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಎರಡೇ ದಿನದಲ್ಲಿ ಬುಟ್ಟಿ ಖಾಲಿ. ಊರಿನ ಉಳಿದ ಮನೆಗಳಲ್ಲಿ ಅರ್ಧಕ್ಕರ್ಧ ಹೋದರೆ ನನ್ನಲ್ಲಿ ಪೂರ್ತಿ ಹೋಯಿತು.

ನನ್ನ ಕೈಯಲ್ಲಿ ಏನು ಕೊರತೆ, ನೀನೇ ಹೇಳು. ಹನ್ನೊಂದು ವರ್ಷದಿಂದ ಈ ಊರಿನ ಕೋಳಿಗಳ ಕಣ್ಣಿಗೆ ಲಸಿಕೆಯ ಹನಿ ಹಾಕುತ್ತಿರುವವಳು ನಾನು. ಮಂಜುಗಡ್ಡೆಯ ಪೆಟ್ಟಿಗೆಯನ್ನು ಒಂದು ದಿನ ಬಿಸಿಲಿಗೆ ತೋರಿಸಿದವಳಲ್ಲ. ಮನುಷ್ಯರ ಮಗುವಿಗೆ ಐದನೆಯ ದಿನ ಹೆಸರಿಡುವ ಹಾಗೆ ಮರಿಗಳಿಗೂ ಸರಿಯಾಗಿ ಐದನೆಯ ದಿನವೇ ಹನಿ ಹಾಕುತ್ತೇನೆ. ನಗಬೇಡ, ಒಂದೊಂದಕ್ಕೂ ಒಂದು ಹೆಸರನ್ನೂ ಇಡುತ್ತೇನೆ. ಇನ್ನು ನನ್ನ ಹೇಂಟೆಗಳಿಗೆ ಮೂವತ್ತೈದು ದಿನಕ್ಕೊಮ್ಮೆ ತಪ್ಪದೆ ಹನಿ ಬೀಳುತ್ತದೆ. ಇಡೀ ಊರಿನಲ್ಲಿ ಬೇರೆ ಯಾರ ಕೋಳಿಗೂ ಅಷ್ಟು ಉಪಚಾರವಿಲ್ಲ.

ಮೊನ್ನೆ ಹೆಂಗಸರ ಸಭೆಯಲ್ಲಿ ಊರ ಮುಖ್ಯಸ್ಥರ ಹೆಂಡತಿ ಬು ಸುಪಾರ್ತಿ ಎಲ್ಲರೆದುರಿಗೆ ಹೇಳಿಬಿಟ್ಟರು. "ಪೊನಿರಾ, ಮುಂದಿನ ಮರಿಗಳೂ ಹೋದ್ರೆ ಪೆಟ್ಟಿಗೆ ನನ್ನ ತಂಗಿ ಮಗಳಿಗೆ ಕೊಟ್ಬಿಡು. ನಿನ್ ಮರೀನೇ ಉಳಿಸ್ಕೊಳ್ಳಕ್ಕಾಗ್ದೋಳು ಊರಿನ ಮರಿ ಏನ್ ಉಳಿಸ್ತೀಯ?" ಎಂದರು. ಆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಡೆಯುವಾಗ ನಾನೂ ಊರಿಗೆ ಬೇಕಾದವಳು ಅನ್ನಿಸುತ್ತದೆ. ಅದು ಹೋದರೆ ಬರೀ ಒಬ್ಬ ವಿಧವೆ, ನಾಲ್ಕು ಮೇಕೆಗಳ ಒಡತಿ.

ನೀನು ಬೋಗೋರಿನಲ್ಲಿ ಕೋಳಿ ಡಾಕ್ಟರುಗಳ ನಡುವೆ ಕೆಲಸ ಮಾಡುತ್ತಿದ್ದೀ ಎಂದು ಬಸ್ಸಿನ ಮರ್ಜೊನೊ ಹೇಳಿದ. ಅವರನ್ನು ಕೇಳಿ ಬರೆ. ಬಾವಿಕಟ್ಟೆಯಲ್ಲಿ ಅಂದು ನಾನು ಆಡಿದ ಮಾತಿನ ಬಗ್ಗೆ ಈ ಕಾಗದದಲ್ಲಿ ಏನೂ ಇಲ್ಲ, ಹುಡುಕಬೇಡ.

ಪೊನಿರಾ


ಬೋಗೋರ್
ಮಂಗಳವಾರ, ವಾಗೆ
3 ಸೆಪ್ಟೆಂಬರ್ 1991

ಒಂದು ದಿನದ ಮಟ್ಟಿಗೆ ಅಕ್ಕನಾದ ಪೊನಿರಾಗೆ,

ಹುಡುಕಿದೆ. ಎರಡು ಸಲ ಹುಡುಕಿದೆ. ಇರಲಿ ಬಿಡು.

ಬಾವಿಕಟ್ಟೆಯಲ್ಲಿ ನೀನು ಏನೆಂದೆ ಎಂದು ನನಗೆ ಅಕ್ಷರ ಅಕ್ಷರ ನೆನಪಿದೆ. "ಊರಿನ ಮರಿಯೆಲ್ಲ ಸಾಯೋವಾಗ ನಿನ್ ಮರಿ ಮಾತ್ರ ಹೆಂಗೆ ಉಳೀತು? ಸಂತೆಯಿಂದ ರೋಗ ತಂದು ನಮ್ಗೆ ಹಂಚಿದೋಳು ನೀನೇ" ಎಂದೆ. ಬಿಂದಿಗೆ ಹಿಡಿದ ಹದಿನಾಲ್ಕು ಹೆಂಗಸರ ಮುಂದೆ. ಒಂದೇ ತಿಂಗಳಲ್ಲಿ ನಾನು ಊರು ಬಿಟ್ಟೆ. ಹೀಗೆ ಬರೆದದ್ದು ನಿನ್ನನ್ನು ಚುಚ್ಚಲು. ಚುಚ್ಚಿತಾದರೆ ಮುಂದೆ ಓದು.

ಇಲ್ಲಿ ನನ್ನ ಕೆಲಸ ಮರಿಗಳಿಗೆ ತೌಡು ಹಾಕುವುದು, ಗೂಡು ಬಳಿಯುವುದು ಮತ್ತು ಹಿಡಿದುಕೊಳ್ಳುವುದು. ಡಾಕ್ಟರ್ ಹೇರಾವತಿ ಎಂಬ ಹೆಂಗಸು ನಾಲ್ಕು ದಿನಕ್ಕೊಮ್ಮೆ ಮರಿಯ ರೆಕ್ಕೆಯಡಿಯ ನರದಿಂದ ಎರಡು ಹನಿ ರಕ್ತ ತೆಗೆಯುತ್ತಾಳೆ. ನಾನು ಹಿಡಿದರೆ ಮರಿ ಮಿಸುಕಾಡುವುದಿಲ್ಲ ಎಂದು ಬೇರೆ ಯಾರಿಗೂ ಹಿಡಿಯಲು ಬಿಡುವುದಿಲ್ಲ. ನನ್ನ ಬದುಕಿನಲ್ಲಿ ಮೊದಲ ಸಲ ನನ್ನನ್ನು ಚುರುಕು ಎಂದವಳು ಅವಳು.

ರೋಗದ ಜೊತೆ ಹೊಡೆದಾಡಲು ಮರಿಯ ರಕ್ತದಲ್ಲಿ ಕಾವಲುಗಾರರು ಇರುತ್ತಾರಂತೆ. ಡಾಕ್ಟರು ಅದಕ್ಕೆ ಪ್ರತಿಕಾಯ ಎನ್ನುತ್ತಾಳೆ. ಅವು ಯಾವ ವಯಸ್ಸಿಗೆ ಎಷ್ಟು ಹುಟ್ಟುತ್ತವೆ ಎಂದು ಎಣಿಸುವುದೇ ಇಲ್ಲಿಯವರ ಕಸುಬು. ಮರಿಯ ಬಾಲದ ಬುಡದೊಳಗೆ ಒಂದು ಪುಟ್ಟ ಚೀಲವಿದೆಯಂತೆ. ಆ ಕಾವಲುಗಾರರನ್ನು ಹುಟ್ಟಿಸುವ ಕಣಗಳೆಲ್ಲ ಅಲ್ಲೇ ಪಾಠ ಕಲಿತು ಹೊರಗೆ ಬರುವುದು. ಮೊದಲ ವಾರ ಆ ಕಲಿಕೆ ಮಂದ, ಮೂರನೆಯ ವಾರಕ್ಕೆ ಚುರುಕಾಗುತ್ತದೆ.

ನಿನ್ನ ಕಥೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಹೇಂಟೆಗಳಿಗೆ ಎಷ್ಟು ಸಲ ಹನಿ ಹಾಕುತ್ತಾಳೆ ಎಂದು ಕೇಳಿದಳು. ಮೂವತ್ತೈದು ದಿನಕ್ಕೊಮ್ಮೆ ಎಂದೆ. ನಕ್ಕಳು. ಆಮೇಲೆ ಆರು ಮೊಟ್ಟೆ ತರಿಸು, ತಿನ್ನಲಿಕ್ಕಲ್ಲ ಎಂದಳು. ಯಾವ ಹೇಂಟೆಯ ಮೊಟ್ಟೆ ಎಂದು ಒಂದೊಂದರ ಮೇಲೂ ಬರೆದು ಕಳಿಸು.

ನಿನಗಿಂತ ಒಂದು ದಿನಕ್ಕೆ ಚಿಕ್ಕವಳು,
ವಾಗಿಯೆಂ


ಸುಂಬರ್‌ಗಯಂ
ಗುರುವಾರ, ಪೊನ್
12 ಸೆಪ್ಟೆಂಬರ್ 1991

ವಾಗಿಯೆಂ,

ಚುಚ್ಚಿತು. ಮುಂದೆ ಓದಿದೆ.

ಆರು ಮೊಟ್ಟೆಗಳನ್ನು ತೌಡಿನಲ್ಲಿ ಹೂತು, ಬಿದಿರ ಬುಟ್ಟಿಯಲ್ಲಿಟ್ಟು ಮರ್ಜೊನೊ ಕೈಗೆ ಕೊಟ್ಟಿದ್ದೇನೆ. ಮಡಿಲಲ್ಲಿ ಇಟ್ಟುಕೊಂಡೇ ಬರಬೇಕು ಎಂದು ತಾಕೀತು ಮಾಡಿದ್ದೇನೆ. ಬಸ್ಸಿನ ಚೀಟಿ ಹರಿಯುವವನು ಮಡಿಲಲ್ಲಿ ಮೊಟ್ಟೆ ಇಟ್ಟುಕೊಂಡು ಹೇಗೆ ಓಡಾಡಲಿ ಅಂದ. ಅದು ಅವನ ಸಂಕಟ. ಜೊತೆಗಿರುವ ಪೊಟ್ಟಣದಲ್ಲಿ ಹುರಿದ ಮಿಡತೆ ಇದೆ, ಬೆಳ್ಳುಳ್ಳಿ ಹಾಕಿದ್ದು. ಅದು ಡಾಕ್ಟರಿಗೆ. ನಿನಗಲ್ಲ. ಆದರೂ ನೀನು ಅರ್ಧ ತಿಂದಿರುತ್ತೀ ಎಂದು ಗೊತ್ತು, ಅದಕ್ಕೇ ಎರಡರಷ್ಟು ಹುರಿದೆ.

ಬಾಲದ ಬುಡದ ಪಾಠಶಾಲೆಯ ವಿಷಯ ಓದಿ ನಕ್ಕು ನಕ್ಕು ಸಾಕಾಯಿತು. ದೇವರಿಗೆ ಶಾಲೆ ಕಟ್ಟಲು ಬೇರೆ ಜಾಗ ಸಿಗಲಿಲ್ಲವೇ? ಪಕ್ಕದ ಮನೆಯ ಬು ಜುಮಿಯಾಗೆ ಹೇಳಿದೆ. ಅವಳು ತನ್ನ ಮೊಮ್ಮಗ ಕಲಿತದ್ದೂ ಅಲ್ಲಿಂದಲೇ ಇರಬೇಕು ಅಂದಳು.

ನಿನ್ನೆ ಎರಡು ಹೇಂಟೆಗಳನ್ನು ಇಪ್ಪತ್ನಾಲ್ಕು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದೆ. ಅಕ್ಟೋಬರ್ ಎರಡಕ್ಕೆ ಒಡೆಯುತ್ತವೆ. ಮಳೆ ಶುರುವಾಗುವ ಹೊತ್ತಿಗೆ, ಅಂದರೆ ತೆತೆಲೊ ಮತ್ತೆ ಜೋರಾಗುವ ಹೊತ್ತಿಗೆ, ಸರಿಯಾಗಿ ತಿಂಗಳ ಮರಿಗಳಾಗಿರುತ್ತವೆ. ಬು ಸುಪಾರ್ತಿಯ ತಂಗಿಯ ಮಗಳು ಆಗಲೇ ಒಂದು ಸಲ ಬಂದು ಪೆಟ್ಟಿಗೆಯ ಪಟ್ಟಿ ತನ್ನ ಹೆಗಲಿಗೆ ಉದ್ದವಾಯಿತೇ ಎಂದು ಅಳತೆ ನೋಡಿ ಹೋದಳು. ನಾನು ಇನ್ನೂ ಬದುಕಿದ್ದೇನೆ ಕಣೇ.

ಬೇಗ ಬರೆ.

ಪೊನಿರಾ


ಬೋಗೋರ್
ಶನಿವಾರ, ವಾಗೆ
28 ಸೆಪ್ಟೆಂಬರ್ 1991

ಪೊನಿರಾ ಅಕ್ಕ,

ಐದು ಮೊಟ್ಟೆ ಬಂದವು. ಆರನೆಯದು ಮರ್ಜೊನೊನ ಷರಾಯಿಗೆ ಬಂತು.

ಈಗ ಗಟ್ಟಿಯಾಗಿ ಕೂತುಕೋ. ಡಾಕ್ಟರು ಹಳದಿಯನ್ನು ಬಿಡಿಸಿ, ತೆಳುವಾಗಿಸಿ, ತೂತುಗಳ ಸಾಲಿರುವ ಒಂದು ತಟ್ಟೆಗೆ ಹನಿ ಹನಿಯಾಗಿ ಬಿಟ್ಟು, ಮೇಲೆ ರೋಗಾಣುವನ್ನೂ ಕೋಳಿಯ ರಕ್ತವನ್ನೂ ಬೆರೆಸಿದಳು. ಪ್ರತಿ ತೂತಿಗೂ ಮೊದಲಿನದರ ಅರ್ಧ ಸಾರ ಮಾತ್ರ. ಎಷ್ಟನೆಯ ತೂತಿನವರೆಗೆ ತಳದಲ್ಲಿ ರಕ್ತ ಅಂಗಿಯ ಗುಂಡಿಯ ಹಾಗೆ ಕೆಂಪಗೆ ಕೂರುತ್ತದೋ ಅಲ್ಲಿಯವರೆಗೆ ಕಾವಲುಗಾರರಿದ್ದಾರೆ ಎಂದು ಲೆಕ್ಕ. ನಮ್ಮ ಇಲ್ಲಿನ ಹೇಂಟೆಗಳದ್ದು ಆರನೆಯದಕ್ಕೆ ನಿಲ್ಲುತ್ತದೆ. ನಿನ್ನವು ಒಂಬತ್ತಕ್ಕೆ ಹೋದವು. ಪಕ್ಕದ ಕೋಣೆಯ ಡಾಕ್ಟರುಗಳೆಲ್ಲ ಬಂದು ನೋಡಿದರು. "ಯಾವ ದೊಡ್ಡ ಫಾರಮ್ಮಿನ ಕೋಳಿ?" ಎಂದು ಒಬ್ಬರು ಕೇಳಿದರು. ನಮ್ಮೂರಿನ ಪೊನಿರಾಳದ್ದು ಎಂದೆ. ಹೇಳುವಾಗ ಎದೆ ಉಬ್ಬಿತು, ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ.

ಆದರೆ ನಿನ್ನ ಮರಿಗಳನ್ನು ಕೊಂದದ್ದು ಅದೇ.

ತಾಯಿ ಕೋಳಿ ತನ್ನ ಕಾವಲುಗಾರರನ್ನು ಹಳದಿಯೊಳಗೆ ಬುತ್ತಿ ಕಟ್ಟಿ ಮರಿಗೆ ಕೊಡುತ್ತದಂತೆ. ಮರಿ ಹುಟ್ಟುವಾಗಲೇ ಆ ಬುತ್ತಿಯ ಬಲದಲ್ಲಿ ಗಟ್ಟಿಯಾಗಿರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಅದು ಅರ್ಧ ಅರ್ಧ ಕರಗುತ್ತಾ ಹೋಗುತ್ತದೆ. ನೀನು ಐದನೆಯ ದಿನ ಹನಿ ಹಾಕಿದಾಗ ಬುತ್ತಿ ಇನ್ನೂ ತುಂಬಿ ತುಳುಕುತ್ತಿರುತ್ತದೆ. ಕಣ್ಣಿಗೆ ಬಿದ್ದ ಲಸಿಕೆಯನ್ನೂ ತಾಯಿಯ ಕಾವಲುಗಾರರೇ ಹಿಡಿದು ನುಂಗಿಬಿಡುತ್ತಾರೆ. ಬಾಲದ ಬುಡದ ಶಾಲೆಗೆ ಸುದ್ದಿಯೇ ಮುಟ್ಟುವುದಿಲ್ಲ. ತಿಂಗಳಾಗುವ ಹೊತ್ತಿಗೆ ಬುತ್ತಿ ಖಾಲಿ, ತನ್ನದು ಎಂದು ಮರಿ ಏನೂ ಮಾಡಿಕೊಂಡಿರುವುದಿಲ್ಲ. ಆಗ ರೋಗ ಬರುತ್ತದೆ. ನೀನು ತಾಯಿಗಳಿಗೆ ಹನಿ ಹಾಕಿದಷ್ಟೂ ಮರಿಗಳ ಹನಿ ಕೆಡುತ್ತಾ ಬಂತು.

ನಿನ್ನ ಕೋಳಿಗಳಿಗೆ ಬೇಕಾದ ಲೆಕ್ಕ ಹಾಕಿ ಡಾಕ್ಟರು ಹೇಳಿದ್ದು ಇಷ್ಟು: ಮೊದಲ ಹನಿ ಇಪ್ಪತ್ತೊಂದನೆಯ ದಿನ, ಎರಡನೆಯದು ಮೂವತ್ತಾರನೆಯ ದಿನ. ಅದಕ್ಕೆ ಮುಂಚೆ ಬಾಟಲಿಯ ಮುಚ್ಚಳ ತೆಗೆಯಕೂಡದು. ನಿನಗೆ ಕೈ ಕಟ್ಟಿ ಕೂರುವುದು ಕಷ್ಟ ಎಂದು ಗೊತ್ತು. ನನ್ನನ್ನು ನೋಡಿ ಕಲಿ, ಸುಮ್ಮನೆ ಕೂರುವುದರಲ್ಲಿ ನಾನು ಪಳಗಿದವಳು.

ಮಿಡತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ನನಗೆ ಬಂತು.

ವಾಗಿಯೆಂ


ಸುಂಬರ್‌ಗಯಂ
ಸೋಮವಾರ, ಪೊನ್
7 ಅಕ್ಟೋಬರ್ 1991

ವಾಗಿಯೆಂ,

ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಒಡೆದವು. ಬುಧವಾರ, ಪೊನ್ ಸಂತೆ, ನನ್ನದೇ ದಿನ. ನಿನ್ನೆಗೆ ಐದು ದಿನ ತುಂಬಿತು.

ಹೆಸರು ಇಟ್ಟೆ. ಹನಿ ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ಐದನೆಯ ದಿನಕ್ಕೆ ಬಾಟಲಿ ಮುಟ್ಟದೆ ಇದ್ದದ್ದು ಇದೇ ಮೊದಲು. ಕೈ ಎಷ್ಟು ತುರಿಸಿತೆಂದರೆ ಬೇಡದಿದ್ದರೂ ಎರಡು ಮೊರ ಮರಗೆಣಸು ಹೆಚ್ಚಿ ಒಣಗಲು ಹಾಕಿದೆ. ಒಂದು ಕರಿ ಮರಿ ಬಂದು ನನ್ನ ಕಾಲ್ಬೆರಳ ಮೇಲೆ ಕೂತು ಮುಖ ನೋಡಿತು. ಅದಕ್ಕೆ ನಿನ್ನ ಹೆಸರು ಇಟ್ಟಿದ್ದೇನೆ, ಎಲ್ಲಕ್ಕಿಂತ ಕೊನೆಯಲ್ಲಿ ಏಳುವುದು ಅದೇ.

ಇವತ್ತು ಬೆಳಿಗ್ಗೆ ಬು ಸುಪಾರ್ತಿ ಬಂದರು. ಹನಿ ಹಾಕಿಲ್ಲ ಎಂದು ಕೇಳಿ ಸೊಂಟದ ಮೇಲೆ ಕೈ ಇಟ್ಟರು. ಆರನೆಯ ದಿನವಾದರೂ ಹಾಕದೆ ಕೂತಿರುವವಳಿಗೆ ಪೆಟ್ಟಿಗೆ ಯಾತಕ್ಕೆ ಅಂದರು. ಬೋಗೋರಿನ ಡಾಕ್ಟರು ಹೇಳಿದ್ದಾರೆ ಎಂದೆ. "ಯಾರ್ ಕೇಳಿ ಬರೆದಿದ್ದು? ಆ ವಾಗಿಯೆಮ್ಮಾ? ಮಧ್ಯಾಹ್ನದವರ್ಗೂ ಮಲಗ್ತಿದ್ದೋಳ ಮಾತು ಕಟ್ಕೊಂಡು ಇರೋಬರೋ ಮರೀನೂ ಕಳ್ಕೋತೀಯ" ಎಂದು ಹೋದರು.

ಈಗ ನನ್ನ ಪ್ರಶ್ನೆ. ಇದಕ್ಕೆ ನೀನು ಉತ್ತರ ಕೊಡಲೇಬೇಕು. ಬುತ್ತಿಯ ಮಾತು ನಿಜವಾದರೆ, ಎರಡು ವರ್ಷದ ಹಿಂದೆ ನಿನ್ನ ಮರಿಗಳು ಬದುಕಿದ್ದು ಹೇಗೆ? ಆ ವರ್ಷ ಊರಿನ ಹೇಂಟೆಗಳಿಗೆಲ್ಲ ಹನಿ ಬಿದ್ದಿತ್ತು, ನಿನ್ನವಕ್ಕೂ ಬಿದ್ದಿತ್ತು. ನಿನ್ನ ಮರಿಗಳಿಗೂ ಐದನೆಯ ದಿನ ಇದೇ ಕೈಯಿಂದ ನಾನೇ ಹಾಕಿದ್ದೆ. ಅದೇ ಬಾಟಲಿ, ಅದೇ ದಿನ. ನನ್ನವು ಸತ್ತವು, ಊರಿನವು ಅರ್ಧ ಸತ್ತವು, ನಿನ್ನವು ಒಂದೂ ಸಾಯಲಿಲ್ಲ. ಡಾಕ್ಟರ ಲೆಕ್ಕ ನಿನ್ನ ಮನೆಯಲ್ಲಿ ಮಾತ್ರ ಯಾಕೆ ತಪ್ಪಿತು? ಅಲ್ಲಿ ತಪ್ಪಿದ್ದು ಇಲ್ಲೂ ತಪ್ಪಬಹುದು.

ಇದು ನನ್ನ ಕೊನೆಯ ಬುಟ್ಟಿ. ಹತ್ತು ದಿನ ಕಾಯುತ್ತೇನೆ, ಎರಡು ಪೊನ್ ಕಳೆಯುವ ತನಕ. ಉತ್ತರ ಬರದಿದ್ದರೆ ಹದಿನೇಳನೆಯ ತಾರೀಖು ಹನಿ ಹಾಕಿಬಿಡುತ್ತೇನೆ. ನಂಬಿಕೆ ಇಲ್ಲದೆ ಸುಮ್ಮನೆ ಕೂರುವುದು ನನ್ನಿಂದಾಗದು.

ಪೊನಿರಾ


ಬೋಗೋರ್
ಭಾನುವಾರ, ವಾಗೆ
13 ಅಕ್ಟೋಬರ್ 1991

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ಅಂಚೆಯನ್ನು ನಂಬದೆ ಇದನ್ನು ಮರ್ಜೊನೊ ಕೈಯಲ್ಲೇ ಕಳಿಸುತ್ತಿದ್ದೇನೆ. ಹದಿನೇಳರೊಳಗೆ ಸಿಗುತ್ತದೆ. ಹನಿ ಹಾಕಬೇಡ.

ಡಾಕ್ಟರ ಲೆಕ್ಕ ನಮ್ಮ ಮನೆಯಲ್ಲೂ ತಪ್ಪಿಲ್ಲ. ನನ್ನ ಹೇಂಟೆಗಳಿಗೆ ಹನಿ ಬಿದ್ದಿರಲೇ ಇಲ್ಲ.

ನೆನಪು ಮಾಡಿಕೋ. ಹೇಂಟೆಗಳಿಗೆ ಹನಿ ಹಾಕುವ ದಿನ ಬೆಳಗಿನ ಜಾವ ಎಲ್ಲರೂ ಕೋಳಿಗಳನ್ನು ಗೂಡಿನಲ್ಲೇ ಮುಚ್ಚಿಟ್ಟು ನಿನಗೆ ಕಾದಿದ್ದರು. ನೀನು ನಮ್ಮ ಮನೆಗೆ ಬಂದಾಗ ನಾನು ಆಗತಾನೆ ಎದ್ದಿದ್ದೆ. ಕೋಳಿಗಳೆಲ್ಲ ಹಲಸಿನ ಮರದ ಮೇಲಿದ್ದವು, ಹಿಂದಿನ ಸಂಜೆ ಗೂಡಿಗೆ ಹಾಕಲು ಸೋಮಾರಿತನ. ನೀನು ಬೈಯುತ್ತೀ ಎಂದು ಹೆದರಿ, "ಬಾಟ್ಲಿ ಇತ್ಲಾಗ್ ಕೊಡೇ, ನಾನೇ ಹಾಕ್ತೀನಿ, ನೀನು ಜುಮಿಯಾ ಮನೆ ಮುಗಿಸ್ಕೊಂಡು ಬಾ" ಎಂದೆ. ನೀನು ನಂಬಿ ಕೊಟ್ಟೆ. ಯಾರ ಕೈಗೂ ಬಾಟಲಿ ಕೊಡದವಳು ನನ್ನ ಕೈಗೆ ಕೊಟ್ಟೆ. ಎಂಟು ಕೋಳಿಗಾಗುವಷ್ಟನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಸುರಿದು, ಆಯಿತು ಎಂದು ಹೇಳಿಬಿಟ್ಟೆ. ಆ ಬಾಳೆಗೆ ಇದುವರೆಗೂ ತೆತೆಲೊ ಬಂದಿಲ್ಲ.

ಹಾಗಾಗಿ ನನ್ನ ಮರಿಗಳಿಗೆ ಬುತ್ತಿ ಇರಲಿಲ್ಲ. ಐದನೆಯ ದಿನ ನೀನು ಹಾಕಿದ ಹನಿ ನೇರವಾಗಿ ಶಾಲೆಗೆ ಹೋಯಿತು. ನನ್ನ ಮರಿಗಳನ್ನು ಉಳಿಸಿದ್ದು ನಿನ್ನ ಕೈ. ಹನ್ನೊಂದು ವರ್ಷದಲ್ಲಿ ನಿನ್ನ ಹನಿ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ್ದು ನನ್ನ ಅಂಗಳದಲ್ಲಿ. ಅದಕ್ಕೇ ನೀನು ನನ್ನನ್ನು ಬಾವಿಕಟ್ಟೆಯಲ್ಲಿ ಬೈದದ್ದು.

ಅವತ್ತೇ ನಿಜ ಹೇಳಿದ್ದರೆ ನೀನು ಏನಾದರೂ ಊಹಿಸುತ್ತಿದ್ದೆಯೋ ಏನೋ. ಮೂರು ಬುಟ್ಟಿ ಮರಿಗಳು ಸಾಯುತ್ತಿರಲಿಲ್ಲವೋ ಏನೋ. ನಾನು ಹೇಳಲಿಲ್ಲ. ನೀನು ರೋಗ ತಂದವಳು ಎಂದಾಗ ನನಗೆ ಒಳಗೊಳಗೇ ಒಂದು ಸಮಾಧಾನವೂ ಆಯಿತು. ಮಾಡದ ತಪ್ಪಿಗೆ ಬೈಸಿಕೊಂಡರೆ ಮಾಡಿದ್ದನ್ನು ಹೇಳಬೇಕಾಗುವುದಿಲ್ಲವಲ್ಲ. ಊರು ಬಿಡುವಾಗ ನಾನು ಅನ್ಯಾಯಕ್ಕೊಳಗಾದವಳ ಹಾಗೆ ತಲೆಯೆತ್ತಿ ಬಸ್ಸು ಹತ್ತಿದೆ. ನಾಚಿಕೆಯಾಗುತ್ತಿದೆ ಅಕ್ಕ.

ಇದನ್ನು ನೀನು ಸಭೆಯಲ್ಲಿ ಹೇಳಬೇಕಾದರೆ ಹೇಳು. ಹೇಳಿದರೆ ನಿನ್ನ ಕೈ ಶುದ್ಧವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಪ್ಪತ್ತೊಂದನೆಯ ದಿನದವರೆಗೆ ಮಾತ್ರ ಕಾಯು.

ವಾಗಿಯೆಂ


ಬೋಗೋರ್
ಶನಿವಾರ, ವಾಗೆ
2 ನವೆಂಬರ್ 1991

ಅಕ್ಕ,

ಇಪ್ಪತ್ತು ದಿನವಾಯಿತು. ಕಾಗದ ಕೈಗೇ ಕೊಟ್ಟೆ ಎಂದು ಮರ್ಜೊನೊ ಆಣೆ ಮಾಡುತ್ತಾನೆ. ಓದುವಾಗ ನಿನ್ನ ಮುಖ ಹೇಗಿತ್ತು ಎಂದು ಕೇಳಿದರೆ, ನೋಡಲು ನಿಲ್ಲಲಿಲ್ಲ, ಓಡಿದೆ ಎನ್ನುತ್ತಾನೆ.

ಇಲ್ಲಿ ಮಳೆ ಬಿದ್ದಿತು. ಬೈಯುವುದಿದ್ದರೂ ಪರವಾಗಿಲ್ಲ, ಬರೆ. ಮರಿಗಳು ಇವೆಯೇ ಇಲ್ಲವೇ ಅಷ್ಟಾದರೂ ತಿಳಿಸು.

ವಾಗಿಯೆಂ


ಸುಂಬರ್‌ಗಯಂ
ಮಂಗಳವಾರ, ಪೊನ್
26 ನವೆಂಬರ್ 1991

ವಾಗಿಯೆಂ,

ಇವೆ.

ಈಗ ಬೈಯುತ್ತೇನೆ, ಸಾವಧಾನವಾಗಿ ಓದು. ನಿನ್ನ ಕಾಗದ ಓದಿದ ಮೇಲೆ ಮೊದಲು ಮಾಡಿದ ಕೆಲಸ ಕತ್ತಿ ತೆಗೆದುಕೊಂಡು ನಿನ್ನ ಹಿತ್ತಲಿಗೆ ಹೋಗಿ ಆ ಬಾಳೆಯನ್ನು ಕಡಿದದ್ದು. ಗೊನೆ ಚೆನ್ನಾಗಿ ಬಲಿತಿತ್ತು. ಜುಮಿಯಾ ಜೊತೆ ಕೂತು ಕರಿದು ತಿಂದೆವು. ತಿಂದ ಮೇಲೂ ಸಿಟ್ಟು ಇಳಿಯಲಿಲ್ಲ. ಎರಡು ವರ್ಷ ನಾನು ನನ್ನ ಕೈಯನ್ನೇ ಅನುಮಾನಿಸಿದ್ದೇನೆ ಕಣೇ. ಬೆಳಿಗ್ಗೆ ಎದ್ದು ಕೈ ನೋಡಿಕೊಂಡು ಈ ಕೈಗೆ ಏನಾಯಿತು ಎಂದು ಅತ್ತಿದ್ದೇನೆ. ನಿನಗೆ ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು, ನಾಲ್ಕು ಹಾಳೆ ಹರಿದೆ. ಅದಕ್ಕೇ ತಡ.

ಆದರೆ ಉತ್ತರ ಸಿಕ್ಕಿತಲ್ಲ. ನಂಬಿಕೆ ಬಂತು. ಹದಿನೇಳಕ್ಕೆ ಹಾಕಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮಂಜುಗಡ್ಡೆ ತರಿಸಿ, ಒಂದೊಂದನ್ನೇ ಎತ್ತಿ ಹೆಸರು ಕರೆದು ಹಾಕಿದೆ. ಮೂವತ್ತಾರಕ್ಕೆ ಮತ್ತೆ ಹಾಕಿದೆ. ಒಂದನ್ನು ಹದ್ದು ಒಯ್ದಿತು, ಒಂದನ್ನು ಮೇಕೆ ತುಳಿಯಿತು. ಹತ್ತೊಂಬತ್ತು ಉಳಿದವು.

ತೆತೆಲೊ ಹದಿಮೂರನೆಯ ತಾರೀಖು ಊರೊಳಗೆ ಬಂತು. ಕೆಳಕೇರಿಯಿಂದ ಶುರುವಾಗಿ ಒಂದೇ ವಾರದಲ್ಲಿ ನಮ್ಮ ಬೇಲಿಯವರೆಗೆ ಬಂತು. ಜುಮಿಯಾಳ ಒಂಬತ್ತು ಹೋದವು. ಬು ಸುಪಾರ್ತಿಯ ಮನೆಯಲ್ಲಿ ಹದಿನಾಲ್ಕು. ನಾನು ಬುಟ್ಟಿಯ ಪಕ್ಕದಲ್ಲೇ ಚಾಪೆ ಹಾಕಿ ಕೂತು ಒಂದೊಂದರ ಕುತ್ತಿಗೆ ನೋಡುತ್ತಿದ್ದೆ. ಎರಡು ಮರಿ ಸೀನಿದವು, ನನ್ನ ಪ್ರಾಣ ಬಾಯಿಗೆ ಬಂತು. ಮರುದಿನ ಅವೇ ನನ್ನ ಅನ್ನದ ತಟ್ಟೆಗೆ ಕೊಕ್ಕು ಹಾಕಿದವು. ವಾಗಿಯೆಂ, ಹತ್ತೊಂಬತ್ತೂ ಇವೆ. ನಿನ್ನ ಹೆಸರಿನ ಕರಿಯವಳಂತೂ ದಪ್ಪಗಾಗಿದ್ದಾಳೆ.

ಭಾನುವಾರ ಸಭೆ ಇತ್ತು. ಎಲ್ಲವನ್ನೂ ಹೇಳಿದೆ, ಬುತ್ತಿ, ಶಾಲೆ, ಇಪ್ಪತ್ತೊಂದನೆಯ ದಿನ. ಐದನೆಯ ದಿನದ ಹನಿ ನನ್ನದೇ ತಪ್ಪು ಎಂದು ಒಪ್ಪಿಕೊಂಡೆ. ಹೆಂಗಸರು ಕಿವಿಗೊಟ್ಟು ಕೇಳಿದರು. ಆಗ ಬು ಸುಪಾರ್ತಿ ನಾನು ನಿನಗೆ ಕೇಳಿದ ಪ್ರಶ್ನೆಯನ್ನೇ ಕೇಳಿದರು. "ಹಂಗಾದ್ರೆ ಆ ವಾಗಿಯೆಮ್ಮಿನ ಮರಿ ಹೆಂಗಮ್ಮ ಉಳಿದ್ವು? ಅವಳ ಹೇಂಟೆಗೂ ಹನಿ ಬಿದ್ದಿತ್ತಲ್ಲ?"

ನಿನ್ನ ಕಾಗದ ನನ್ನ ಸೆರಗಿನಲ್ಲೇ ಇತ್ತು. ತೆಗೆದು ಓದಿದ್ದರೆ ಮುಗಿಯುತ್ತಿತ್ತು. ಅದೇ ಹದಿನಾಲ್ಕು ಮುಖಗಳು ನನ್ನನ್ನೇ ನೋಡುತ್ತಿದ್ದವು, ಬಾವಿಕಟ್ಟೆಯಲ್ಲಿ ನೋಡಿದ ಹಾಗೆಯೇ. ಅವರ ಮುಂದೆ ಒಂದು ಸಲ ನಿನ್ನ ಹೆಸರು ಕೆಡಿಸಿದ್ದೇನೆ. ಎರಡನೆಯ ಸಲ ನನಗೆ ಬಾಯಿ ಬರಲಿಲ್ಲ.

"ಅವಳ ಹೇಂಟೆಗೆ ಹಾಕೋದು ನಾನೇ ಮರೆತಿದ್ದೆ" ಎಂದೆ.

ಬು ಸುಪಾರ್ತಿ ತಲೆಯಾಡಿಸಿದರು. ಹನಿ ಒಳ್ಳೆಯದೇ, ಡಾಕ್ಟರ ಮಾತೂ ಸರಿಯೇ, ಆದರೆ ಒಂದು ಮನೆಯನ್ನೇ ಮರೆಯುವವಳಿಗೆ ಮೂರು ವಾರದ ಲೆಕ್ಕ ನೆನಪಿರುತ್ತದೆಯೇ ಎಂದರು. ಹೊಸ ವರ್ಷದಿಂದ ಪೆಟ್ಟಿಗೆ ತಂಗಿಯ ಮಗಳಿಗೆ. ಅವಳು ಹುಷಾರು ಹುಡುಗಿ, ಇಪ್ಪತ್ತೊಂದನೆಯ ದಿನ ಹಾಕಲು ನಾನೇ ಹೇಳಿಕೊಡುತ್ತೇನೆ. ಊರಿನ ಮರಿಗಳು ಉಳಿಯುತ್ತವೆ. ನನ್ನ ಮನಸ್ಸಿಗೆ ಬೇಜಾರಾಗಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಪೆಟ್ಟಿಗೆಯನ್ನು ನಿನ್ನೆ ತೊಳೆದು ಬಿಸಿಲಿಗೆ ಇಟ್ಟೆ.

ಬಾವಿಕಟ್ಟೆಯಲ್ಲಿ ಅಂದದ್ದು ತಪ್ಪು. ಇದನ್ನು ಒಂದೇ ಸಲ ಬರೆಯುತ್ತೇನೆ, ಇನ್ನೊಮ್ಮೆ ಕೇಳಬೇಡ. ಮತ್ತೆ, ನೀನು ದೊಡ್ಡ ಮನುಷ್ಯಳಾಗಲು ಹೋಗಿ ಯಾರಿಗೂ ಏನನ್ನೂ ಬರೆಯಕೂಡದು. ದೊಡ್ಡವಳು ಹೇಳುತ್ತಿದ್ದೇನೆ.

ಪೊನಿರಾ


ಬೋಗೋರ್
ಸೋಮವಾರ, ವಾಗೆ
2 ಡಿಸೆಂಬರ್ 1991

ಮಾನ್ಯ ಬು ಸುಪಾರ್ತಿಯವರಿಗೆ,

ನಾನು ಸುಂಬರ್‌ಗಯಮ್ಮಿನ ವಾಗಿಯೆಂ, ಮಧ್ಯಾಹ್ನದವರೆಗೂ ಮಲಗುತ್ತಿದ್ದವಳು. ಈಗ ಬೋಗೋರಿನಲ್ಲಿ ಐದು ಗಂಟೆಗೇ ಏಳುತ್ತೇನೆ, ಕೋಳಿಗಳು ಬಿಡುವುದಿಲ್ಲ.

ದಯವಿಟ್ಟು ಈ ಕಾಗದವನ್ನು ಮುಂದಿನ ಸಭೆಯಲ್ಲಿ ಜೋರಾಗಿ ಓದಿ. ಬು ಜುಮಿಯಾಗೆ ಕಿವಿ ಸ್ವಲ್ಪ ಮಂದ, ಅವರನ್ನು ಮುಂದೆ ಕೂರಿಸಿ.

ಎರಡು ವರ್ಷದ ಹಿಂದೆ ಪೊನಿರಾ ನನ್ನ ಮನೆಗೆ ಬಂದಿದ್ದಳು. ಹೊತ್ತಿಗೆ ಸರಿಯಾಗಿ, ಪೆಟ್ಟಿಗೆಯ ಸಮೇತ. ನನ್ನ ಕೋಳಿಗಳು ಮರದ ಮೇಲಿದ್ದವು. ನಾನು ಬಾಟಲಿ ಕೇಳಿ ಪಡೆದು, ಲಸಿಕೆಯನ್ನು ನೆಲಕ್ಕೆ ಸುರಿದು, ಹಾಕಿದೆ ಎಂದು ಸುಳ್ಳು ಹೇಳಿದೆ. ಸೋಮಾರಿತನ ಬಿಟ್ಟರೆ ಬೇರೆ ಕಾರಣವಿಲ್ಲ. ಅವಳು ನಂಬಿದಳು. ಅವಳು ಮಾಡಿದ ತಪ್ಪು ಅದೊಂದೇ, ಅದೂ ನನ್ನನ್ನು ಗೆಳತಿ ಎಂದುಕೊಂಡದ್ದಕ್ಕೆ.

ಅವತ್ತೇ ನಿಜ ಹೇಳದೆ ಹೋದದ್ದರಿಂದ ಆಮೇಲೆ ಸತ್ತ ಮರಿಗಳಿಗಾಗಿ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಜನವರಿಯಲ್ಲಿ ರಜೆ ಹಾಕಿ ಬರುತ್ತಿದ್ದೇನೆ, ಬಾವಿಕಟ್ಟೆಗೇ ಬಂದು ನಿಲ್ಲುತ್ತೇನೆ. ಬೈಯಬೇಕಾದವರು ಬಿಂದಿಗೆ ಕೆಳಗಿಟ್ಟು ಬೈಯಬಹುದು. ನಿಮ್ಮ ತಂಗಿಯ ಮಗಳಿಗೆ ಮರಿ ಹಿಡಿಯುವುದನ್ನು ಹೇಳಿಕೊಡುತ್ತೇನೆ, ಪೊನಿರಾಗೆ ಒಬ್ಬ ಜೊತೆಗಾತಿ ಬೇಕೇ ಬೇಕು. ಪೆಟ್ಟಿಗೆ ಮಾತ್ರ ಪೊನಿರಾಳ ಹೆಗಲ ಮೇಲೇ ಇರಲಿ.

ಇದನ್ನು ಓದುವಾಗ ಅವಳು ಎದ್ದು ನಿಂತು, ವಾಗಿಯೆಂ ಸುಳ್ಳು ಹೇಳುತ್ತಿದ್ದಾಳೆ, ಮರೆತದ್ದು ನಾನೇ ಎನ್ನುತ್ತಾಳೆ. ನಂಬಬೇಡಿ. ನಲವತ್ತು ವರ್ಷದಿಂದ ನನ್ನ ಒಂದೇ ಒಂದು ತಪ್ಪನ್ನೂ ಮರೆಯದವಳು ಎಂಟು ಹೇಂಟೆಗಳನ್ನು ಮರೆಯುತ್ತಾಳೆಯೇ?

ನಿಮ್ಮೂರಿನ
ವಾಗಿಯೆಂ